ಮೈದಾ ಗೆರೆ

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ. ಬೇಕರಿಯ ಹಿಂದೆ
ಟೈರು ರಾಶಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ ಉಳಿದ ಮರಳು.
ಯಾರದ್ದೆಂದು ನಾವು ಕೇಳಲಿಲ್ಲ, ಯಾರೂ ಹೇಳಲಿಲ್ಲ.
ಶುಕ್ರವಾರ ಅಸರಿನ ಬಾಂಗು ಮುಗಿದ ಮೇಲೆ
ತಾರೀಕು ಮೀರಿದ ಮೈದಾದ ಚೀಲ ಹೆಗಲಿಗೇರಿಸಿ
ಹಿಂಬಾಗಿಲಿಂದ ಹೊರಡುತ್ತಿದ್ದೆ. ಚೀಲದ ಮೂಲೆ ಹರಿದು
ಹಿಂದಕ್ಕೆ ಹಿಂದಕ್ಕೆ ನಡೆಯಬೇಕು, ಸೊಂಟ ಬಗ್ಗಿಸಿ,
ಹದಿನೆಂಟು ಹೆಜ್ಜೆ, ತಿರುಗಿ ಒಂಬತ್ತು.
ಮೈದಾ ಬಿದ್ದಷ್ಟೇ ಮೈದಾನ ಮಾರಾಯ,
ಅಂತ ತೇಜಪ್ಪ ಕರ್ಕೇರ ಪ್ರತಿ ವಾರ ನಗುತ್ತಿದ್ದ,
ಪ್ರತಿ ವಾರ ಹೊಸ ಮಾತೆಂಬಂತೆ.

ನಾನು ಬಂದದ್ದು ಎಪ್ಪತ್ತೊಂಬತ್ತರಲ್ಲಿ. ಆಗ ಫುಟ್‌ಬಾಲು.
ಸುಡಾನಿನವರು ಬರಿಗಾಲಲ್ಲಿ, ಯೆಮನಿನವರು ಲುಂಗಿ ಎತ್ತಿ ಕಟ್ಟಿ,
ನಮ್ಮ ಕಡೆಯ ನಾಲ್ವರಲ್ಲಿ ಇಬ್ಬರಿಗೆ
ಚೆಂಡಿಗಿಂತ ಎದುರಿನವನ ಕಾಲೇ ಚೆನ್ನಾಗಿ ಕಾಣುತ್ತಿತ್ತು.
ಗೋಲಿಗೆ ಎರಡು ಖಾಲಿ ತುಪ್ಪದ ಡಬ್ಬ.

ಆಮೇಲೆ ಉಳ್ಳಾಲದ ಮೊಯ್ದು ರಜೆಯಿಂದ ಬಂದ,
ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಕೆಳಗೆ ಹಳೆ ಮೀನುಬಲೆ.
ಎರಡು ಪೈಪಿಗೆ ಕಟ್ಟಿದೆವು, ವಾಲಿಬಾಲ್ ಶುರುವಾಯಿತು.
ಹನ್ನೊಂದು ಜನಕ್ಕೆ ಊರಷ್ಟು ಜಾಗ ಬೇಕು,
ಆರು ಜನಕ್ಕೆ ಒಂದು ಬಲೆ ಸಾಕು.
ಚೆಂಡು ತಾಗಿದಾಗೆಲ್ಲ ಬಂಗುಡೆ ವಾಸನೆ.

ಎಂಬತ್ತಾರರ ಫೈನಲ್: ಬೇಕರಿಗೂ ಟೈರಂಗಡಿಗೂ.
ಹದಿನಾಲ್ಕು, ಹದಿನಾಲ್ಕು.
ನಮ್ಮ ಪಠಾಣ ಗುಲ್‌ಶೇರ್ ಆಕಾಶಕ್ಕೆ ಎದ್ದು ಹೊಡೆದ,
ಚೆಂಡು ಮೂಲೆಯಲ್ಲಿ ಬಿತ್ತು. ಎಲ್ಲರೂ ನನ್ನ ಕಡೆ ನೋಡಿದರು.
ನಾನು ಮೂಲೆ ನೋಡಿದೆ.
ಮೂಲೆಯೇ ಇರಲಿಲ್ಲ.
ಪಾರಿವಾಳಗಳು ತಿಂದಿದ್ದವು ಗೆರೆಯನ್ನು,
ಎರಡು ಇನ್ನೂ ತಿನ್ನುತ್ತಿದ್ದವು.
ಒಳಗೆ ಅಂದರು ಇವರು, ಹೊರಗೆ ಅಂದರು ಅವರು,
ಉರ್ದು ತುಳು ಬಂಗಾಳಿ ಮಲಯಾಳಂ ಸೇರಿ ಬೈಗುಳ ಬೆಂದು
ಕತ್ತಲಾಯಿತು. ಮುಂದಿನ ವಾರ ಆಡುವುದೆಂದಾಯಿತು.
ಮುಂದಿನ ವಾರ ಗುಲ್‌ಶೇರ್ ಇರಲಿಲ್ಲ. ವೀಸಾ ಕ್ಯಾನ್ಸಲ್.

ಡೆಲಿವರಿ ಪುಸ್ತಕದ ಹಿಂದಿನ ಪುಟದಲ್ಲಿ
ಆ ಲೆಕ್ಕ ಹಾಗೇ ಇದೆ,
ಮುನ್ನೂರು ಕುಬ್ಬೂಸಿನ ಬಾಕಿಯ ಬೆನ್ನಿಗೆ.

ನಂತರ ಕ್ರಿಕೆಟ್ ಎಲ್ಲವನ್ನೂ ನುಂಗಿತು.
ಸ್ಟೇಡಿಯಂ ಹತ್ತಿರ, ಸಿಕ್ಸರಿನ ಕೂಗು ಗೋಡೆ ದಾಟಿ ಮೊದಲು ಬರುತ್ತಿತ್ತು,
ರೇಡಿಯೋ ಆಮೇಲೆ ಅದನ್ನೇ ಸುದ್ದಿ ಎಂದು ಹೇಳುತ್ತಿತ್ತು.
ಟೆನಿಸ್ ಚೆಂಡಿಗೆ ಕರೆಂಟಿನ ಟೇಪು ಸುತ್ತಿ ನಮ್ಮದೂ ನಡೆಯಿತು;
ಬೇಕರಿಯ ಗಾಜು ಒಡೆದರೆ ಔಟು, ಒಡೆದವನೇ ಚಹಾ ಕೊಡಿಸಬೇಕು.
ಎರಡು ದೇಶಗಳ ಮ್ಯಾಚಿನ ರಾತ್ರಿ ಕ್ಯಾಂಪಿನಲ್ಲಿ ಮಾತಿಲ್ಲ.
ಬೆಳಗ್ಗೆ ನಾಲ್ಕಕ್ಕೆ ಸೋತವನೂ ಗೆದ್ದವನೂ
ಒಂದೇ ಸಾಲಿನಲ್ಲಿ, ಬಿಸಿ ರೊಟ್ಟಿಗೆ.

ಟಿವಿಯಲ್ಲಿ ಬಂದ ಮೇಲೆ ಕಬಡ್ಡಿಗೂ ಮರ್ಯಾದೆ ಬಂತು.
ತೇಜಪ್ಪನಿಗೆ ಐವತ್ತೆಂಟು, ಶುಗರು, ಮಂಡಿನೋವು.
ಒಂದೇ ಒಂದು ರೈಡು ಅಂತ ಹೋದ.
ಮುಟ್ಟಿ ಬಂದ, ಗೆರೆ ದಾಟಿದ ಮೇಲೂ
ಉಸಿರು ಬಿಡಲು ಮರೆತು ಕಬಡ್ಡಿ ಕಬಡ್ಡಿ ಅನ್ನುತ್ತಲೇ ನಿಂತ.
ನೀರು ಕುಡಿಸಿ ನಿಲ್ಲಿಸಬೇಕಾಯಿತು.

ಈಗ ಆಟ ಹಾಲಿನಲ್ಲಿ, ಶನಿವಾರ, ಗಂಟೆಗಿಷ್ಟೆಂದು ಫೋನಿನಲ್ಲೇ ಬುಕ್ಕು.
ಮೊಯ್ದುವಿನ ಮೊಮ್ಮಗಳು ಜುಲ್ಫಾ ಥ್ರೋಬಾಲಿನ ಕ್ಯಾಪ್ಟನ್ನು,
ಸಿಳ್ಳೆ ನನ್ನ ಕೊರಳಿಗೆ ಹಾಕಿ, ಅಂಕಲ್ ನೀವೇ ನೋಡಿ ಅಂದಳು.
ನೀಲಿ ನೆಲ, ಬಣ್ಣದ ಗೆರೆ. ಒಳಗೆಂದರೆ ಒಳಗೆ.
ತಕರಾರಿಲ್ಲದೆ ಒಂದು ಗಂಟೆ ಮುಗಿಯಿತು,
ನನಗೇಕೋ ಸ್ವಲ್ಪ ಬೇಜಾರಾಯಿತು.

ಗುಲ್‌ಶೇರನ ನಂಬರು ಹೋದ ವರ್ಷ ಸಿಕ್ಕಿತು.
ಈದಿಗೆ ಧ್ವನಿ ಕಳಿಸುತ್ತಾನೆ ಸ್ವಾಬಿಯಿಂದ, ಮುದಿ ಗಂಟಲು,
ಸಲಾಮಿಗೂ ಮೊದಲು: ಅಂದರ್ ಥಾ, ಉಸ್ತಾದ್.
ನಾನು ಮುಬಾರಕ್ ಎಂದಷ್ಟೇ ಕಳಿಸುತ್ತೇನೆ.

ಮರಳಿಗೆ ಬೇಲಿ ಬಿದ್ದಿದೆ, ಒಳಗೆ ಏನೂ ಕಟ್ಟಿಲ್ಲ.
ಪಾರಿವಾಳಗಳಿಗೆ ಆಟ ಹೋದ ಸುದ್ದಿ ಮುಟ್ಟಿಲ್ಲ,
ಶುಕ್ರವಾರ ಸಂಜೆ ಪೈಪಿನ ಮೇಲೆ ಸಾಲಾಗಿ ಕೂತು
ಹಿಂಬಾಗಿಲು ನೋಡುತ್ತವೆ.