ಎಂಬತ್ತೇಳನೇ ಪುಟ

ಐವತ್ತು ಪ್ರತಿಗೆ ಒಂದು ಕಟ್ಟು.
ಕಾಟನ್‌ಪೇಟೆಯ ಪ್ರೆಸ್ಸಿನಿಂದ ಆಟೋದಲ್ಲಿ ತಂದಾಗ
ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು.
ಈಗ ಹತ್ತು ಕಟ್ಟು ಮಂಚದ ಕೆಳಗೆ,
ಒಂದು ಫ್ರಿಜ್ಜಿನ ಮೇಲೆ,
ಅದರ ಮೇಲೆ ಕೊತ್ತಂಬರಿ ಸೊಪ್ಪು.

ಪ್ರಕಾಶಕ ಅಡವೀಶಯ್ಯನವರು ಮೊದಲೇ ಅಂದಿದ್ದರು:
"ಮಕ್ಕಳ ಪುಸ್ತಕ ಆದ್ರೆ ಅಪ್ಪ ಅಮ್ಮ ಕೊಳ್ತಾರೆ,
ದೊಡ್ಡೋರದಾದ್ರೆ ಲೈಬ್ರರಿ ಇದೆ.
ಇದು ನಡುವಿಂದು. ನೀವೇ ಹೊತ್ತು ಮಾರ್ಬೇಕು ತಾಯಿ.
ಪುಕ್ಕಟೆ ಮಾತ್ರ ಕೊಡ್ಬೇಡಿ."

ನಡುವಿಂದು.
ಅರ್ಧ ಟಿಕೆಟ್ಟಿನ ವಯಸ್ಸು ದಾಟಿ
ಪೂರ್ತಿ ಟಿಕೆಟ್ಟಿಗೆ ಕಾಸಿಲ್ಲದ ವಯಸ್ಸಿನದು.

ಬೆಳಿಗ್ಗೆಯೆಲ್ಲ ಹೊಟ್ಟೆಪಾಡಿನ ಕರಡು ತಿದ್ದುತ್ತೇನೆ,
ಗೃಹಪ್ರವೇಶದ ಕರೆಯೋಲೆ, ಸಹಕಾರ ಸಂಘದ ವರದಿ.
ಸಂಜೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮುಂದೆ,
ತಂಗಿಯ ಮಗ ಫೋನು ಹಿಡಿದು
"ನಗಿ ದೊಡ್ಡಮ್ಮ, ಮೂರು ಸೆಕೆಂಡಲ್ಲಿ ಏನಾದ್ರೂ ಆಗ್ಬೇಕು"
ಅನ್ನುತ್ತಾನೆ. ನಗುತ್ತೇನೆ. ಏನೂ ಆಗುವುದಿಲ್ಲ.
ನೂರಾ ಹನ್ನೆರಡು ಜನ ನೋಡಿದರು,
ಒಬ್ಬಾಕೆ ಸೀರೆ ಎಲ್ಲಿಯದು ಅಂತ ಕೇಳಿದಳು.

ಶನಿವಾರ ಲಗ್ಗೆರೆ. ಸರ್ಕಾರಿ ಪ್ರೌಢಶಾಲೆ.
ಎರಡು ಬಸ್ಸು, ಭುಜಕ್ಕೊಂದು ಚೀಲ,
ಹೆಡ್‌ಮಿಸ್ ಪುಟ್ಟಲಿಂಗಮ್ಮನವರ ಕೊಠಡಿಯಲ್ಲಿ ಅರ್ಧ ಲೋಟ ಕಾಫಿ.
ಮೈಕು ಕೀರಲಿತು, ಮಕ್ಕಳು ಅದಕ್ಕೆ ಚಪ್ಪಾಳೆ ತಟ್ಟಿದರು,
ನನಗಲ್ಲ.
ಆಮೇಲೆ ಸಹಿಗೆ ಸಾಲು ನಿಂತರು,
ನೋಟ್‌ಬುಕ್ಕಿನ ಹಿಂದೆ, ಸ್ಕೇಲಿನ ಮೇಲೆ, ಒಬ್ಬನಂತೂ ಅಂಗೈ ಚಾಚಿದ.
ಪುಸ್ತಕ ಕೊಂಡವರು ನಾಲ್ವರು. ಮೂವರು ಮೇಷ್ಟ್ರುಗಳು.

ಕಿಟಕಿಯ ಪಕ್ಕ ಒಬ್ಬಳು ಸಾಲಿಗೆ ಬರಲೇ ಇಲ್ಲ.
ಮಾದರಿ ಪ್ರತಿ ಹಿಡಿದು ನಿಂತಲ್ಲೇ ಓದುತ್ತಿದ್ದಳು,
ಉಗುರಿನಲ್ಲಿ ಸಾಲು ಒತ್ತುತ್ತ, ಬೆಲ್ಲು ಹೊಡೆದರೂ.
ಜೆಸಿಂತಾ, ಒಂಬತ್ತನೇ ಬಿ.

"ಮಿಸ್, ಎಂಬತ್ತೇಳನೇ ಪುಟದಲ್ಲಿ
ಅವಳ ಅಣ್ಣ ಫೋನ್ ಕಿತ್ಕೊಂಡಾಗ ಯಾಕೆ ಅಳ್ತಾಳೆ?"
ಭಯಕ್ಕೆ, ಅಂದೆ.
"ಸರಿ, ಭಯ. ಆದ್ರೆ ಕ್ಷಮಿಸಣ್ಣಾ ಅಂತ ಯಾಕಂತಾಳೆ?
ಅವಳೇನ್ ಮಾಡಿದ್ಲು?"
ನನ್ನ ಬಳಿ ಉತ್ತರವಿರಲಿಲ್ಲ. ಅವಳ ಬಳಿ ಇತ್ತು:
"ನಾನಾಗಿದ್ರೆ ಪಾಸ್‌ವರ್ಡ್ ಚೇಂಜ್ ಮಾಡ್ತಿದ್ದೆ.
ಮತ್ತೆ ಮಿಸ್, ಈಗ ಯಾರೂ 'ಗೆಳತಿ' ಅನ್ನಲ್ಲ."

ಕೊಳ್ಳುತ್ತೇನೆ ಅಂದಳು. ಬೆಲೆ ನೂರಾ ಇಪ್ಪತ್ತು.
ಜಾಮೆಟ್ರಿ ಬಾಕ್ಸ್ ತೆರೆದು ನಲವತ್ತು ಎಣಿಸಿದಳು, ಎಲ್ಲ ಚಿಲ್ಲರೆ.
ನನ್ನ ಲೆಕ್ಕದ ಪುಸ್ತಕಕ್ಕೆ ಇಣುಕಿ, ತಾನೇ ಹೇಳಿ ಬರೆಸಿದಳು:
ಬಾಕಿ ಎಂಬತ್ತು.

ಜಾಮೆಟ್ರಿ ಬಾಕ್ಸ್.
ನನ್ನದು ತಗಡಿನದು, ಮುಚ್ಚಳಕ್ಕೆ ತುಕ್ಕು.
ಕೋನಮಾಪಕದ ಕೆಳಗೆ ನಾಲ್ಕಾಗಿ ಮಡಿಸಿದ ಕಾಗದವೊಂದು
ಅಣ್ಣನಿಗೆ ಸಿಕ್ಕಿದ್ದು ಪರೀಕ್ಷೆಯ ಹಿಂದಿನ ರಾತ್ರಿ,
ಕರೆಂಟು ಹೋಗಿತ್ತು, ಮೇಣದಬತ್ತಿಯಲ್ಲೇ ಓದಿದ, ಗಟ್ಟಿಯಾಗಿ,
ಎಲ್ಲರಿಗೂ ಕೇಳುವಂತೆ.
ಅದರಲ್ಲಿದ್ದದ್ದು ಎಂಟು ಸಾಲು, ಕವಿತೆಯೂ ಅಲ್ಲ ಪತ್ರವೂ ಅಲ್ಲ.
ಕ್ಷಮಿಸಣ್ಣಾ, ಅಂದೆ.
ಮೂವತ್ತೈದು ವರ್ಷ ಕಾದು
ಫೋನಿರುವ ಹುಡುಗಿಯ ಬಾಯಿಗೆ ಅದನ್ನೇ ತುರುಕಿದ್ದೆ,
ಹೊಸ ಅಂಗಿ ತೊಡಿಸಿ.

ಸುಮನಹಳ್ಳಿ ಸೇತುವೆಯ ಮೇಲೆ ಬಸ್ಸು ನಿಂತೇ ಇತ್ತು.
ಕಂಡಕ್ಟರ್ ಕೇಳಿದ, "ಏನ್ ಮೇಡಂ ಚೀಲದಲ್ಲಿ, ಇಟ್ಟಿಗೆನಾ?"
ಹೌದು ಅಂದೆ.

ರಾತ್ರಿ ಕೊತ್ತಂಬರಿ ಎತ್ತಿಟ್ಟು ಕಟ್ಟು ಬಿಚ್ಚಿದೆ.
ಎಂಬತ್ತೇಳನೇ ಪುಟ, ಕೆಳಗಿನಿಂದ ಐದನೇ ಸಾಲು:
ಕರಡು ತಿದ್ದುವ ಕೈಗೆ ಆ ಸುರುಳಿ ಗುರುತು ಹೊಸದಲ್ಲ,
ತೆಗೆಯಿರಿ ಅಂತ ಅರ್ಥ.
ಆ ಜಾಗಕ್ಕೆ ಏನು ಹಾಕಬೇಕೆಂದು ಅಂಚಿನಲ್ಲಿ ಬರೆಯಲಿಲ್ಲ.
ಅಳು ಇರಲಿ ಅಂತ ಬಿಟ್ಟೆ. ಗೆಳತಿಯನ್ನೂ, ಹಟಕ್ಕೆ.

ಒಂದೊಂದೇ ಪ್ರತಿ, ಶಾಯಿ ಆರಲೆಂದು ಊದುತ್ತ,
ಮೂವತ್ತೊಂದನೆಯದಕ್ಕೆ ಪೆನ್ನು ಮುಗಿಯಿತು.
ಪಕ್ಕದ ಮನೆಯ ಬಾಗಿಲು ತಟ್ಟಲು ಹೊತ್ತು ಮೀರಿತ್ತು.
ತಂಗಿಯ ಮಗನ ಬ್ಯಾಗಿನಲ್ಲಿ
ಹಸಿರು ಸ್ಕೆಚ್ ಪೆನ್ ಸಿಕ್ಕಿತು.