ಸೊನ್ನೆಗೆ ನಿಲ್ಲದ ಮುಳ್ಳು

ತಕ್ಕಡಿಗಳನ್ನು ಅನುಮಾನಿಸುವುದು ನನ್ನ ಕೆಲಸ.
ಇಪ್ಪತ್ತೆರಡು ವರ್ಷದಿಂದ ಅದಕ್ಕೇ ಸಂಬಳ.
ಕಲಾಸಿಪಾಳ್ಯ, ಯಶವಂತಪುರದ ಈರುಳ್ಳಿ ಮಂಡಿ,
ಅವೆನ್ಯೂ ರಸ್ತೆಯ ಬೆಳ್ಳಿ ಅಂಗಡಿ;
ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಹಿಡಿದು ಹೋಗುತ್ತೇನೆ,
ಮುಳ್ಳು ಸೊನ್ನೆಗೆ ಬಂದು ನಿಂತರೆ
ಸೀಸಕ್ಕೆ ಮುದ್ರೆ ಹೊಡೆದು ಮುಂದಿನ ಅಂಗಡಿ.

ಮಾರ್ಚ್ ಹದಿನೇಳರ ಆಮೇಲೆ
ನನ್ನ ನಾಲಗೆಯನ್ನೂ ಅನುಮಾನಿಸತೊಡಗಿದೆ.
ನಿಲ್ಲಿಸಿದ ಸ್ಕೂಟರಿನ ಕನ್ನಡಿ ಸಿಕ್ಕರೆ ಸಾಕು,
ಬಗ್ಗಿ ಚಾಚುತ್ತೇನೆ. ಆ ಬಿಳಿ ಅದೋ? ಮೊಸರನ್ನವೋ?
ಕಿವಿಯ ಕೆಳಗೆ ಕಡಲೆ ಗಾತ್ರದ್ದೊಂದು ಗಂಟು,
ಒತ್ತಿ ಒತ್ತಿ ನಾನೇ ಅವರೆಕಾಳು ಮಾಡಿದೆ.
ಏಪ್ರಿಲ್ಲಿನಲ್ಲಿ, ಶ್ರೀರಾಂಪುರದ ಶೀಟಿನ ಮನೆಯಲ್ಲಿ
ಯಾರು ಬೆವರುವುದಿಲ್ಲ?
ಆದರೆ ನನ್ನ ಬೆವರಿಗೆ ಬೇರೆ ಅರ್ಥವಿತ್ತು.

ತಟ್ಟೆಯಿಂದ ಹರಡುವುದಿಲ್ಲ, ಗೊತ್ತು.
ಆದರೂ ಬೇರೆ ಇಟ್ಟು ನಾನೇ ತೊಳೆದೆ.
"ಯಾವ ವ್ರತನೋ ಇದು?" ಅಂದಳು ಅಕ್ಕ ಗೌರಮ್ಮಣ್ಣಿ.
ಎಚ್‌ಐವಿ ಎಂದು ಒಂದು ಸಲವೂ ಬಾಯಿಬಿಟ್ಟು ಅನ್ನಲಿಲ್ಲ,
ಅಂದರೆ ಕೇಳಿಸಿಕೊಂಡು ಬಂದುಬಿಟ್ಟರೆ ಎಂದು.

ಬೆಲ್ಲದ ಮಂಡಿಯ ಶೆಟ್ಟರು ಕಾಫಿಗೆ ಹೋದಾಗ
ನಾನೇ ಮುದ್ರೆ ಹೊಡೆದ ಯಂತ್ರದ ಮೇಲೆ ಹತ್ತಿ ನಿಂತೆ:
ಅರವತ್ತೊಂದು ಕೆಜಿ ನಾನೂರು ಗ್ರಾಂ.
ಮರುದಿನ ಅರವತ್ತೊಂದು ಇನ್ನೂರು.
ಇನ್ನೂರು ಗ್ರಾಂ ಎಲ್ಲಿ ಹೋಯಿತು?
ಗಿರಾಕಿಗಳು ನನ್ನ ಹತ್ತಿರ ತರುವ ದೂರು ಅದು.

ಮೊದಲ ಪರೀಕ್ಷೆ ಹನ್ನೊಂದನೇ ದಿನ,
ಗುರುತಿನವರಿಲ್ಲದ ಬನಶಂಕರಿಯ ಲ್ಯಾಬಿನಲ್ಲಿ.
ಹೆಸರು ಕೇಳಿದರೆ ಸತ್ತ ಚಿಕ್ಕಪ್ಪನದು ಕೊಟ್ಟೆ.
ಇಲ್ಲ ಅಂತ ಬಂತು. ತೀರಾ ಬೇಗ ಬಂದಿರಿ, ಅಂದರು;
ಆ ಇಲ್ಲ ಇನ್ನೂ ಇಲ್ಲ ಅಲ್ಲವಂತೆ.
ಎರಡನೆಯದು ನಲವತ್ತಾರಕ್ಕೆ. ಇಲ್ಲ.
ಮೂರನೆಯದು ತೊಂಬತ್ತೆರಡನೇ ದಿನ,
ಕೆ.ಸಿ. ಜನರಲ್ ಆಸ್ಪತ್ರೆ, ಔಷಧಿ ಕಿಟಕಿಯ ಆಚೆಯ ಕೋಣೆ.
ಅಲ್ಲಿ ಕೂಗುವುದು ನಂಬರು.
ಒಂದು ಗೀಟು ಬಂದರೆ ಇಲ್ಲ, ಎರಡು ಬಂದರೆ ಇದೆ.

ಒಂದೇ, ಅಂದರು ಫಿಲೋಮಿನಾ ಮೇಡಂ.
ನಾನು ಏಳಲಿಲ್ಲ.
"ಮೇಡಂ, ನಿಮ್ಮ ಪಟ್ಟಿಗೆ ಮುದ್ರೆ ಹೊಡೆಯೋರು ಯಾರು?"
ಆಕೆ ನಗಲಿಲ್ಲ. ಪೆನ್ನಿನ ಕ್ಯಾಪು ಮುಚ್ಚಿದರು.
"ಇದೆ ಅಂತ ಗೊತ್ತಿರೋ ರಕ್ತ, ಇಲ್ಲ ಅಂತ ಗೊತ್ತಿರೋ ರಕ್ತ,
ಎರಡನ್ನೂ ಹಾಕಿ ನೋಡ್ತೀವಿ.
ಸುಳ್ಳು ಹೇಳಿದ ಪೆಟ್ಟಿಗೆ ವಾಪಸ್ಸು."
ನನ್ನ ಹಿತ್ತಾಳೆ ಬಟ್ಟುಗಳು ನೆನಪಾದವು.
ನಮ್ಮ ಇಲಾಖೆಯ ಪುಸ್ತಕದಲ್ಲೂ ಒಂದು ಪುಟವಿದೆ,
ಎಷ್ಟು ತಪ್ಪಿದರೆ ತಪ್ಪಲ್ಲ ಎಂದು.
ಪೂರ್ತಿ ಸತ್ಯ ಹೇಳಿದ ತಕ್ಕಡಿ ನಾನು ಕಂಡಿಲ್ಲ,
ಆದರೂ ಅವನ್ನೇ ನಂಬಿ ಊರು ಅಕ್ಕಿ ಕೊಂಡು ಉಂಡಿದೆ.

"ನಾಲ್ಕನೇ ಸಲ ಬೇಡ," ಅಂದರು ಆಕೆ ಮೆಲ್ಲಗೆ,
"ಬಂದ್ರೆ ಆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ."

ಇನ್ನೊಬ್ಬರು.
ತೊಂಬತ್ತೆರಡು ದಿನ ನನ್ನ ಗಂಟನ್ನೇ ಮುಟ್ಟಿಕೊಂಡೆ,
ಅವನು ಹೇಗಿದ್ದಾನೆಂದು ಕೇಳಲಿಲ್ಲ.
ಕಾಟನ್‌ಪೇಟೆಯ ಲಾಡ್ಜಿನಲ್ಲಿ ದೀಪ ಆರಿಸುವ ಮೊದಲು
ಅವನು ನನ್ನ ಕನ್ನಡಕ ತೆಗೆದು, ಮಡಿಸಿ,
ಕೈ ತಾಗಿ ಬೀಳದಷ್ಟು ಒಳಗೆ, ಕಿಟಕಿಯ ಮೇಲಿಟ್ಟಿದ್ದ.
ಭಯ ಅದನ್ನು ಅಳಿಸಿ
ಹರಿದ ಕಾಂಡೋಮೊಂದನ್ನೇ ಉಳಿಸಿತ್ತು.

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೊಪ್ಪು ಕೊಂಡೆ.
ಆಕೆಯ ತಕ್ಕಡಿಗೆ ಮುದ್ರೆಯಿಲ್ಲ, ಬಟ್ಟಿನ ಜಾಗದಲ್ಲಿ ಕಲ್ಲು.
ಕೇಸು ಹಾಕಬೇಕಾದವನು ಸುಮ್ಮನೆ ಚೀಲ ಹಿಡಿದೆ.
ಒಂದು ಹಿಡಿ ಕೊಸರು ಹಾಕಿದಳು.

ಫೋನಿನಲ್ಲಿ ಅವನು 'ಪ್ಲಂಬರ್' ಆಗಿದ್ದ.
ತಿದ್ದಿದೆ: ಸಂಪಂಗಿ.
ಮಾಡಿಸಿದ್ಯಾ? ಇಲ್ದಿದ್ರೆ ಜೊತೆಗೆ ಬರ್ತೀನಿ.
ಕಳಿಸಿದೆ. ಸ್ಕೂಟರಿನ ಕನ್ನಡಿ ಸಿಕ್ಕಿತು,
ನಾಲಗೆ ಚಾಚಿದೆ, ಸುಳ್ಳು ಯಾಕೆ ಹೇಳಲಿ.

ಒಂದೇ ಟಿಕ್ಕು ಬಿದ್ದಿದೆ.
ಎರಡನೆಯದು ಬರಲಿ ಎಂದು
ಬಿಸಿಲಲ್ಲಿ ನಿಂತಿದ್ದೇನೆ. ಸೊಪ್ಪು ಬಾಡುತ್ತಿದೆ.