ಚೌರಪ್ಪನ ಮೆಟ್ಟಿಲು

ಕ್ರೀಡಾದಿನದ ಹಿಂದಿನ ಸಂಜೆ
ತಳ್ಳುಗಾಡಿಯ ಮೇಲೆ ಬಂತು ವಿಜಯಪೀಠ.
ಒಂದು, ಎರಡು, ಮೂರು,
ಬಿಳಿ ಪೇಂಟಿನ ಅಂಕಿ ಇನ್ನೂ ಹಸಿ.
ವಾರ್ನಿಶಿನ ವಾಸನೆ ಗೇಟು ದಾಟುವ ಮೊದಲೇ
ಯಾರ ಅಂಗಡಿಯದೆಂದು ಎಲ್ಲರಿಗೂ ಗೊತ್ತಾಯಿತು.

ಜೀವನಹಳ್ಳಿಯಲ್ಲಿ ಶವಪೆಟ್ಟಿಗೆ ಮಾಡುವವನು
ಚೌರಪ್ಪ ಒಬ್ಬನೇ.
ಊರ ಹೆಸರು ಹೇಳಿ ತಾನೇ ನಗುತ್ತಾನೆ.
ಮಗಳು ಲೂರ್ದು ಮೇರಿ ನನ್ನ ಮೂರನೇ ತರಗತಿ,
ರೈಲು ಹೋದಾಗ ನಡುಗುವ ಕಿಟಕಿಯ ಪಕ್ಕದ ಬೆಂಚು.
ಫೀಸು ಎರಡು ಕಂತು ಬಾಕಿ.
'ದುಡ್ಡು ಆಮೇಲೆ ಸಿಸ್ಟರ್, ಮೊದಲು ಇದನ್ನ ಇಟ್ಕೊಳ್ಳಿ'
ಅಂದನಂತೆ, ಚಪ್ಪಲಿ ಆಫೀಸಿನ ಹೊರಗೆ ಬಿಟ್ಟು.
ಸಿಸ್ಟರ್ ಗ್ರಾತ್ಸಿಯಾ ರಸೀದಿ ಪುಸ್ತಕ ತೆಗೆದರು,
ಏನೂ ಬರೆಯದೆ ಮುಚ್ಚಿದರು.

ಬೆಳಿಗ್ಗೆ ಸುಣ್ಣದ ಗೆರೆಗಳು, ಬಣ್ಣದ ಕಾಗದ,
ರಜೆ ಹಾಕಿ ಬಂದ ಗಾರ್ಮೆಂಟ್ಸಿನ ತಾಯಂದಿರು,
ಡ್ಯೂಟಿ ಬದಲಿಸಿಕೊಂಡ ಬಸ್ ಕಂಡಕ್ಟರ್,
ಮೊಮ್ಮಗಳ ಬೂಟಿನ ಲೇಸು ಕಟ್ಟುತ್ತಾ
ಗೆರೆಯ ಮೇಲೇ ಕೂತುಬಿಟ್ಟ ಮುಬೀನಾಳ ಅಜ್ಜಿ.
(ನೀತಿಪಾಠದಲ್ಲಿ ನೂರಕ್ಕೆ ನೂರು ಮುಬೀನಾಗೆ.
ನಮೋ ಮರಿಯಾ ಪ್ರಾರ್ಥನೆಯೂ ಅವಳಿಗೆ ಬಾಯಿಪಾಠ,
ಯಾರೂ ಕಲಿಸಿದ್ದಲ್ಲ, ಕಿವಿಗೆ ಬಿದ್ದದ್ದು.)
ಫಾದರ್ ಬಂದು ತೀರ್ಥ ಚಿಮುಕಿಸಿದರು,
ಒಂದರ ಅಂಕಿ ಸ್ವಲ್ಪ ಕದಡಿತು.

ಮೈಕು ನನ್ನ ಕೈಯಲ್ಲಿ.
ನಿಂಬೆ-ಚಮಚದ ಓಟದಲ್ಲಿ ಇನ್ನಾಸಿ
ಬಿದ್ದ ಹಣ್ಣನ್ನು ಎತ್ತಿ ಜೇಬಿಗಿಳಿಸಿ
ಮನೆಯ ದಾರಿ ಹಿಡಿದ. ಹಿಡಿದು ತರಬೇಕಾಯಿತು.
ಗೋಣಿಚೀಲದ ಓಟದಲ್ಲಿ ದಯಾಕರ ಮೊದಲು,
ಮುಬೀನಾ ಎರಡು,
ಮೂರರಲ್ಲಿ ಇಬ್ಬರು, ಒಬ್ಬರ ಮೇಲೊಬ್ಬರು ಬಿದ್ದು.
ಲೂರ್ದು ಮೇರಿ ಚೀಲದೊಳಗೆ ನಗುತ್ತಲೇ ಉಳಿದಳು,
ಗೆರೆ ಮುಟ್ಟಲಿಲ್ಲ.

ಹೆಸರು ಕರೆದೆ.
ದಯಾಕರನ ತಾಯಿ ಅವನ ತೋಳು ಬಿಡಲಿಲ್ಲ.
'ಸತ್ತವರ ಮರ ಟೀಚರ್. ಮಗುವನ್ನ ಹೇಗೆ ಹತ್ತಿಸಲಿ?'
ಮೆಲ್ಲಗೇ ಅಂದದ್ದು. ಮೈಕು ಹಿಡಿದಿದ್ದೆನಲ್ಲ,
ಮೈದಾನಕ್ಕೆಲ್ಲ ಕೇಳಿಸಿತು.

ಕಾಂಪೌಂಡಿನ ಬಳಿ ಚೌರಪ್ಪ
ತನ್ನ ಅಂಗೈ ನೋಡಿಕೊಳ್ಳುತ್ತಾ ನಿಂತ.
ಸ್ಪೀಕರು ಕುಯ್ಯೆಂದಿತು. ನನಗೆ ಮಾತು ಬರಲಿಲ್ಲ,
ಹದಿನೆಂಟು ವರ್ಷ ಮಾತು ಕಲಿಸಿದವಳು ನಾನು.

ಲೂರ್ದು ಮೇರಿ ಚೀಲದಿಂದ ಕಾಲು ಬಿಡಿಸಿಕೊಂಡು
ನೇರ ಬಂದು ಮೂರನೇ ಮೆಟ್ಟಿಲಿಗೆ
ಬೆರಳ ಗೆಣ್ಣಿನಿಂದ ಟಕಟಕ ಬಡಿದಳು.
'ಇದು ಪೆಟ್ಟಿಗೆ ಮರ ಅಲ್ಲ ಆಂಟಿ.
ಅದಕ್ಕೆ ಬೇರೆ ಸದ್ದು.
ಇದು ನಮ್ಮನೆ ಮಂಚ.'
ಸ್ವಲ್ಪ ತಡೆದು, ನಾಚಿ,
'ಈಗ ಕೆಳಗೇ ಮಲಗ್ತೀವಿ. ತಣ್ಣಗಿರತ್ತೆ.'

ಆಮೇಲಿನದು ಸರಿಯಾಗಿ ನೆನಪಿಲ್ಲ.
ದಯಾಕರ ತೋಳು ಕಿತ್ತುಕೊಂಡು ಓಡಿದ್ದು,
ಮೂರರ ಮೇಲೆ ಇಬ್ಬರು ತಬ್ಬಿಕೊಂಡು ನಿಂತದ್ದು,
ಪದಕದ ದಾರ ಮುಬೀನಾಳ ಜಡೆಗೆ ಸಿಕ್ಕಿಕೊಂಡದ್ದು,
ಅವನ ತಾಯಿ ಚಪ್ಪಾಳೆ ತಟ್ಟಿದಳೋ
ಕಣ್ಣಿಗೆ ಧೂಳು ಬಿತ್ತೆಂದು ಸೆರಗೆತ್ತಿದಳೋ.
ಸಿಸ್ಟರ್ ಗ್ರಾತ್ಸಿಯಾ ಎದ್ದು ಒಳಗೆ ಹೋದರು.
ಬೀರುವಿನ ಬಾಗಿಲು ತೆಗೆದ ಸದ್ದು ಬಂತು.

ಸಂಜೆ ಆಯಾ ಜ್ಞಾನಮ್ಮ, ನಾನು
ಪೀಠವನ್ನು ಉಗ್ರಾಣಕ್ಕೆ ಸಾಗಿಸುವಾಗ
ಮೂರನೇ ಮೆಟ್ಟಿಲು ಮಗುಚಿತು.
ಒಳಮೈಗೆ ವಾರ್ನಿಶು ಬಿದ್ದಿರಲಿಲ್ಲ.
ಮಲಗಿದಲ್ಲೇ ಮೊಳೆಯಿಂದ ಕೊರೆದ ಸಾಲುಗಳು:
ಕ, ಕ, ಕ್ಷ,
ತಿರುಗಮುರುಗ ಒಂದು ಋ,
ಅಪ್ಪ ಅನ್ನುವುದು ಐದು ಸಲ,
ಕೊನೆಗೆ ತನ್ನ ಹೆಸರು, ದೊಡ್ಡದಾಗಿ:
ಲೂದು.

ಜೇಬಿನ ಕೆಂಪು ಪೆನ್ನಿಗೆ ಕೈ ಹೋಯಿತು, ಅಭ್ಯಾಸ.
'ಏನಮ್ಮ ಓದ್ತಾ ನಿಂತ್ರಿ, ಕತ್ತಲಾಯ್ತು'
ಅಂದಳು ಜ್ಞಾನಮ್ಮ.

ಅರ್ಕಾವತ್ತು ಬಿಟ್ಟಿದ್ದಾಳೆ.
ಸೋಮವಾರ ಹೇಳಿಕೊಡಬೇಕು.